ಕೊಳಗಲ್ಲಿನ ಕಾರು, ಕುಡತಿನಿಯ ಚಿಮಣಿ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಗೆ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಮಲೆನಾಡಿನ ಸಭೆಯಲ್ಲಿ ಬಳ್ಳಾರಿ ಸೀಮೆಯ ಮಾತೇಕೆ ಎಂಬ ಪ್ರಶ್ನೆ ಸಹಜವಾದುದು. ಘಟ್ಟದವರಿಗೆ ಅತಿವೃಷ್ಟಿಯ ಚಿಂತೆಯಾದರೆ ಬಳ್ಳಾರಿಯವರಿಗೆ ಅನಾವೃಷ್ಟಿಯ ಚಿಂತೆ. ಆದರೂ ಈ ಎರಡು ಸೀಮೆಗಳನ್ನು ಒಂದು ತಂತಿ ಬೆಸೆದಿದೆ. ಶರಾವತಿಯ ನೀರು ತಿರುಗಿಸಿದ ಯಂತ್ರಗಳ ವಿದ್ಯುತ್ತು ಬಯಲುಸೀಮೆಯ ದೀಪಗಳನ್ನು ಬೆಳಗುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿ ಉರಿದ ಕಲ್ಲಿದ್ದಲಿನ ವಿದ್ಯುತ್ತು ಮಲೆನಾಡಿನ ಅಡಕೆ ಸುಲಿಯುವ ಯಂತ್ರವನ್ನೂ ತಿರುಗಿಸುತ್ತದೆ. ತಂತಿಯನ್ನು ಸೇರಿದ ಮೇಲೆ ಅದು ಯಾವ ಊರಿನ ವಿದ್ಯುತ್ತು ಎಂದು ಬೇರ್ಪಡಿಸಿ ಹೇಳಲು ಬರುವುದಿಲ್ಲ. ಈಗ ಅದೇ ತಂತಿಯ ತುದಿಗೆ ಹೊಸದೊಂದು ವಸ್ತು ಬಂದು ನಿಂತಿದೆ. ಅದು ವಿದ್ಯುತ್ ಕಾರು.

ಈ ಕಾರಿನ ಬಗ್ಗೆ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಇದರಿಂದ ಪರಿಸರ ಉಳಿಯಿತು ಎನ್ನುವವರು ಒಂದು ಕಡೆ; ಇದೆಲ್ಲ ಶ್ರೀಮಂತರ ಆಟಿಕೆ, ಬರಿಯ ಮೋಸ ಎನ್ನುವವರು ಇನ್ನೊಂದು ಕಡೆ. ಎರಡನ್ನೂ ಬದಿಗಿಟ್ಟು, ಒಂದು ದಿನದ ಪ್ರಯಾಣದ ಲೆಕ್ಕವನ್ನು ಕೊನೆಯವರೆಗೆ ಮಾಡಿ ನೋಡುವುದು ಈ ಉಪನ್ಯಾಸದ ಉದ್ದೇಶ.

ಲೆಕ್ಕಕ್ಕೆ ಆರಿಸಿಕೊಂಡ ಊರು ಕೊಳಗಲ್ಲು. ಬಳ್ಳಾರಿ ನಗರಕ್ಕೆ ಸಮೀಪದ ಈ ಹಳ್ಳಿ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತೀರಿಕೊಂಡು ಖೊಟ್ಟಿಗ ಪಟ್ಟಕ್ಕೆ ಬಂದುದನ್ನು ತಿಳಿಸುವ ಕ್ರಿ.ಶ. 967ರ ಶಾಸನ ಈ ಊರಿನದು. ಆ ಊರಿನಲ್ಲಿ ಹಿರಿಯ ರೈತರೊಬ್ಬರು ಇದ್ದಾರೆಂದು ಭಾವಿಸಿಕೊಳ್ಳಿ. ಮೂವತ್ತು ವರ್ಷ ಟ್ರ್ಯಾಕ್ಟರ್ ಮತ್ತು ಡೀಸೆಲ್ ಜೀಪು ಓಡಿಸಿದವರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಸೋದರಳಿಯ ಬೇಸಗೆ ರಜೆಗೆ ಊರಿಗೆ ಬರುವಾಗ ಸಣ್ಣದೊಂದು ವಿದ್ಯುತ್ ಕಾರನ್ನು ತಂದಿದ್ದಾನೆ. ಜೀಪು ಹಳತಾಗಿದೆ, ಅದನ್ನು ಮಾರಿ ಇಂಥದೊಂದನ್ನು ಕೊಳ್ಳಬಹುದೇ ಎಂಬ ಯೋಚನೆ ಮನೆಯಲ್ಲಿ ಹುಟ್ಟಿದೆ. ರೈತರು, ಅಳಿಯ, ಮನೆಯವರು ಕಲ್ಪನೆಯ ವ್ಯಕ್ತಿಗಳು. ಆದರೆ ಅವರ ಅನುಭವ ಈ ಕಾರನ್ನು ಮೊದಲ ಬಾರಿ ಓಡಿಸುವ ಯಾರಿಗಾದರೂ ಆಗುವಂಥದು. ಮುಂದೆ ಬರುವ ಲೆಕ್ಕವನ್ನು ಯಾರು ಬೇಕಾದರೂ ಕಾಗದ ಪೆನ್ಸಿಲು ಹಿಡಿದು ಪರೀಕ್ಷಿಸಬಹುದು.

ಬೆಳಗ್ಗೆ ರೈತರು ಚಾಲಕನ ಆಸನದಲ್ಲಿ ಕುಳಿತರು. ಗುಂಡಿ ಒತ್ತಿದರು. ಎಂಜಿನ್ನಿನ ಸದ್ದು ಬರಲೆಂದು ಕಾದರು. ಸದ್ದು ಬರಲಿಲ್ಲ. ಮತ್ತೊಮ್ಮೆ ಒತ್ತಹೋದಾಗ ಅಳಿಯ ತಡೆದ. ಎದುರಿನ ಫಲಕದಲ್ಲಿ ಸಣ್ಣದೊಂದು ಹಸಿರು ಚಿಹ್ನೆ ಮೂಡಿತ್ತು. ಗಾಡಿ ಆಗಲೇ ಸಿದ್ಧವಾಗಿತ್ತು. ಎಡಗಾಲು ಅಭ್ಯಾಸಬಲದಿಂದ ಕ್ಲಚ್ಚನ್ನು ತಡಕುತ್ತಿತ್ತು.

"ಮಾವಾ, ಕ್ಲಚ್ ಹುಡುಕಬ್ಯಾಡ್ರಿ. ಇದಕ್ಕ ಅದು ಇಲ್ಲ, ಗೇರೂ ಇಲ್ಲ. ಎಡಗಾಲಿಗೆ ಇವತ್ತು ರಜಾ ಕೊಡ್ರಿ."

ಆಕ್ಸಿಲರೇಟರನ್ನು ಜೀಪಿಗೆ ಒತ್ತುವಷ್ಟೇ ಒತ್ತಿದ್ದಕ್ಕೆ ಕಾರು ಮುಂದಕ್ಕೆ ಜಿಗಿಯಿತು. ಡೀಸೆಲ್ ಎಂಜಿನ್ನು ವೇಗವಾಗಿ ತಿರುಗತೊಡಗಿದ ಮೇಲೆ ತನ್ನ ಬಲವನ್ನು ತೋರುತ್ತದೆ. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ತಿರುಚುಬಲ ಕೊಡುತ್ತದೆ. ಕಾಲೆತ್ತಿದ ಕೂಡಲೇ ಕಾರು ಯಾರೋ ಹಿಂದಿನಿಂದ ಹಿಡಿದೆಳೆದಂತೆ ನಿಧಾನವಾಯಿತು. ಇಲ್ಲಿ ಮೋಟಾರೇ ಡೈನಮೋ ಆಗಿ, ಓಡುವ ಗಾಡಿಯ ಚಲನಶಕ್ತಿಯಿಂದ ವಿದ್ಯುತ್ತು ಹುಟ್ಟಿಸಿ ಬ್ಯಾಟರಿಗೆ ಹಿಂದಿರುಗಿಸುತ್ತದೆ. ಬ್ರೇಕಿನ ಬಿಸಿಯಾಗಿ ವ್ಯರ್ಥವಾಗುತ್ತಿದ್ದ ಶಕ್ತಿಯ ಒಂದು ಪಾಲು ಹೀಗೆ ಉಳಿಯುತ್ತದೆ.

ಊರ ಬೀದಿಯಲ್ಲಿ ಇನ್ನೊಂದು ಪಾಠವಾಯಿತು. ಎದುರಿಗಿದ್ದ ಎಮ್ಮೆಗಳು ಪಕ್ಕಕ್ಕೆ ಸರಿಯಲಿಲ್ಲ. ಕಟ್ಟೆಯ ಬಳಿ ನಡೆಯುತ್ತಿದ್ದ ಅಜ್ಜಿ ಹಿಂದಿರುಗಿ ನೋಡಲಿಲ್ಲ. ಜೀಪಿನ ಸದ್ದೇ ದಾರಿ ಬಿಡಿಸುತ್ತಿತ್ತೆಂಬುದು ಆಗ ಹೊಳೆಯಿತು. ಸದ್ದಿಲ್ಲದ ಗಾಡಿಯನ್ನು ಹಳ್ಳಿಯಲ್ಲಿ ಓಡಿಸುವವರು ನಡಿಗೆಯ ವೇಗದಲ್ಲಿಯೇ ಹೋಗಬೇಕು. ಮಕ್ಕಳು ಮತ್ತು ಕಿವಿ ಮಂದವಾದ ಹಿರಿಯರು ತಮ್ಮನ್ನು ಗಮನಿಸಿಲ್ಲವೆಂದೇ ತಿಳಿಯಬೇಕು.

ಹೊಸದೆಂದು ಬೆರಗು ಹುಟ್ಟಿಸುವ ಈ ವಾಹನ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಮೈನಿ ಸಮೂಹವು ಅಮೆರಿಕದ ಸಂಸ್ಥೆಯೊಂದರೊಡನೆ ಸೇರಿ 1994ರಲ್ಲಿ ಕಂಪನಿ ಸ್ಥಾಪಿಸಿ, 2001ರಲ್ಲಿ 'ರೇವಾ' ಎಂಬ ಪುಟ್ಟ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದಿತು. ಅದರ ಹಿಂದಿದ್ದ ಎಂಜಿನಿಯರು ಚೇತನ್ ಮೈನಿ. ಎರಡು ಬಾಗಿಲು, ಪ್ಲಾಸ್ಟಿಕ್ ಹೊರಮೈ, ಆಸನದಡಿ ಎಂಟು ಸೀಸದ ಬ್ಯಾಟರಿಗಳು. ಮನೆಯ 15 ಆಂಪಿಯರ್ ಪ್ಲಗ್ಗಿಗೆ ರಾತ್ರಿಯೆಲ್ಲ ಹಚ್ಚಿದರೆ ಸುಮಾರು 80 ಕಿಲೋಮೀಟರ್ ಓಡುತ್ತಿತ್ತು. 2004ರಿಂದ ಅದು ಲಂಡನ್ನಿನ ಬೀದಿಗಳಲ್ಲಿ 'ಜಿ-ವಿಜ್' ಎಂಬ ಹೆಸರಿನಲ್ಲಿ ಓಡಾಡಿತು. ಅಪಘಾತವಾದರೆ ಒಳಗಿದ್ದವರಿಗೆ ರಕ್ಷಣೆ ಸಾಲದು ಎಂಬ ಟೀಕೆಯನ್ನೂ ಅಲ್ಲಿ ಎದುರಿಸಿತು. 2010ರಲ್ಲಿ ಕಂಪನಿಯ ಹೆಚ್ಚಿನ ಪಾಲು ಮಹೀಂದ್ರ ಸಂಸ್ಥೆಯ ಕೈಸೇರಿತು. ಆ ಕಾಲದಲ್ಲಿ ದಾರಿಯಲ್ಲಿ ಬ್ಯಾಟರಿ ಬರಿದಾಗುವ ಭಯವನ್ನು ಕಟ್ಟಿಕೊಂಡೇ ಹೊರಡಬೇಕಿತ್ತು. ಇಂದಿನ ಸಣ್ಣ ಕಾರುಗಳಲ್ಲಿ ಲಿಥಿಯಂ ಬ್ಯಾಟರಿ ಇದ್ದು, ಸಾಮರ್ಥ್ಯ ಎರಡು ಮೂರು ಪಟ್ಟು ಹೆಚ್ಚಿದೆ. ಅಳಿಯ ತಂದ ಕಾರಿನ ಬ್ಯಾಟರಿ 24 ಯೂನಿಟ್ ವಿದ್ಯುತ್ತನ್ನು ಹಿಡಿದಿಡುವಂಥದು.

ಮಾವ ಅಳಿಯ ಇಬ್ಬರೂ ಬಳ್ಳಾರಿಯಲ್ಲಿ ಕೆಲಸ ಮುಗಿಸಿ ಹೊಸಪೇಟೆಯ ರಸ್ತೆ ಹಿಡಿದರು. ಹೊರಡುವಾಗ ಫಲಕವು ಶೇ. 90 ತೋರಿಸುತ್ತಿತ್ತು, ಇನ್ನು 170 ಕಿಲೋಮೀಟರ್ ಹೋಗಬಹುದೆಂದು ಹೇಳುತ್ತಿತ್ತು. ಬಳ್ಳಾರಿಯ ಬೇಸಗೆಯಲ್ಲಿ ಉಷ್ಣಾಂಶ 40 ಡಿಗ್ರಿಯನ್ನು ದಾಟುವುದು ವಿಶೇಷವಲ್ಲ. ತಂಪು ಯಂತ್ರ ಹಾಕಿದೊಡನೆ, ವೇಗ ಹೆಚ್ಚಿಸಿದೊಡನೆ ಆ ಅಂಕಿ ಓಡಿದ ದೂರಕ್ಕಿಂತ ಬೇಗ ಇಳಿಯತೊಡಗಿತು. ರೈತರ ಕಣ್ಣು ರಸ್ತೆಯ ಮೇಲೆ ಅರ್ಧ, ಫಲಕದ ಮೇಲೆ ಅರ್ಧ. ಡೀಸೆಲ್ ಗಾಡಿಯಲ್ಲಿ ಟ್ಯಾಂಕು ತುಂಬಿದ್ದರೆ ಆಯಿತು. ಎಷ್ಟು ಉರಿಯಿತೆಂದು ಕಿಲೋಮೀಟರಿಗೊಮ್ಮೆ ಯಾರೂ ಕೇಳುವುದಿಲ್ಲ. ಈ ಕಾರು ಲೆಕ್ಕ ಕೇಳಿಸುತ್ತದೆ. ವೇಗವನ್ನು ಇಳಿಸಿದರೆ ಅಂಕಿ ಇಳಿಯುವುದೂ ನಿಧಾನವಾಗುತ್ತದೆ. ಮಿತವ್ಯಯವನ್ನು ಉಪದೇಶವಿಲ್ಲದೆ ಕಲಿಸುವ ಈ ಗುಣವನ್ನು ಕಾರಿನ ಒಳ್ಳೆಯ ಗುಣಗಳಲ್ಲಿ ಒಂದೆಂದು ಎಣಿಸಬೇಕು.

ಹೀಗೆ ಹೋಗುವಾಗ ಎದುರಿಗೆ ಕುಡತಿನಿಯ ಚಿಮಣಿಗಳು ಕಾಣಿಸಿದವು. ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಇರುವುದು ಇಲ್ಲಿಯೇ. ತಲಾ 500 ಮೆಗಾವ್ಯಾಟಿನ ಎರಡು ಘಟಕಗಳು, 700 ಮೆಗಾವ್ಯಾಟಿನ ಒಂದು ಘಟಕ, ಒಟ್ಟು 1700 ಮೆಗಾವ್ಯಾಟ್. ಕಲ್ಲಿದ್ದಲು ದೂರದ ಗಣಿಗಳಿಂದ ರೈಲಿನಲ್ಲಿ ಬರುತ್ತದೆ. ರೈತರು ಈ ಚಿಮಣಿಗಳನ್ನು ನೂರಾರು ಸಲ ನೋಡಿದ್ದರು. ಆದರೆ ಅವುಗಳಿಗೂ ತಾವು ಕುಳಿತ ಗಾಡಿಗೂ ಸಂಬಂಧವಿದೆಯೆಂದು ಅನ್ನಿಸಿದ್ದು ಅಂದೇ ಮೊದಲು. ಕಾರಿನ ಹಿಂಬದಿಯಲ್ಲಿ ಹೊಗೆಕೊಳವೆ ಇರಲಿಲ್ಲ. ಅದು ಎದುರಿಗೆ, ಆಕಾಶದೆತ್ತರಕ್ಕೆ ನಿಂತಿತ್ತು.

ಸಂಜೆ ಮನೆ ಸೇರಿದಾಗ ಓಡಿದ ದೂರ ಒಟ್ಟು 60 ಕಿಲೋಮೀಟರ್. ಬ್ಯಾಟರಿ ಶೇ. 55ಕ್ಕೆ ಇಳಿದಿತ್ತು. ಪ್ರೌಢಶಾಲೆಯಲ್ಲಿ ಓದುವ ಮಗಳು ಪುಸ್ತಕ ತೆಗೆದು ಲೆಕ್ಕಕ್ಕೆ ಕುಳಿತಳು. ವಿದ್ಯಾರ್ಥಿ ಮಿತ್ರರು ಇದನ್ನು ತಮ್ಮ ಪುಸ್ತಕದಲ್ಲಿಯೂ ಬರೆದುಕೊಳ್ಳಬಹುದು.

ಇಪ್ಪತ್ತನಾಲ್ಕು ಯೂನಿಟ್‌ನಲ್ಲಿ ಶೇ. 35 ಎಂದರೆ 8.4 ಯೂನಿಟ್. ಚಾರ್ಜ್ ಮಾಡುವಾಗ ಬಿಸಿಯಾಗಿ ಹೋಗುವುದನ್ನು ಸೇರಿಸಿದರೆ ಮನೆಯ ಮೀಟರಿನಲ್ಲಿ ಸುಮಾರು 9.5 ಯೂನಿಟ್. ತಂತಿ ಮತ್ತು ಟ್ರಾನ್ಸ್‌ಫಾರ್ಮರುಗಳಲ್ಲಿ ನಷ್ಟವಾಗುವುದನ್ನೂ ಸೇರಿಸಿದರೆ ಸ್ಥಾವರದಿಂದ ಹೊರಡಬೇಕಾದುದು ಹತ್ತೂವರೆ ಯೂನಿಟ್. ಇದೆಲ್ಲವೂ ಕಲ್ಲಿದ್ದಲಿನಿಂದಲೇ ಬಂತೆಂದು ಇಟ್ಟುಕೊಂಡರೆ, ಭಾರತದ ಕಲ್ಲಿದ್ದಲಿನಲ್ಲಿ ಯೂನಿಟ್ ಒಂದಕ್ಕೆ ಆರೇಳುನೂರು ಗ್ರಾಂ ಬೇಕು. ಒಟ್ಟು ಸುಮಾರು 7 ಕಿಲೋ. ಈ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಸಾಮಾನ್ಯವಾಗಿ ಮೂರನೆಯ ಒಂದು ಭಾಗ; ಎಂದರೆ 2 ಕಿಲೋಗಿಂತ ಹೆಚ್ಚು ಬೂದಿ. ಕೇಂದ್ರ ಪರಿಸರ ಸಚಿವಾಲಯವು 2015ರ ಡಿಸೆಂಬರಿನಲ್ಲಿ ಹಳೆಯ ಉಷ್ಣ ಸ್ಥಾವರಗಳಿಗೆ ಯೂನಿಟ್ ಒಂದಕ್ಕೆ 3.5 ಲೀಟರ್ ನೀರಿನ ಮಿತಿ ಹಾಕಿತು. ಆ ಮಿತಿಯಲ್ಲಿಯೇ ನಡೆದರೂ 36 ಲೀಟರಿಗೂ ಹೆಚ್ಚು ನೀರು. ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡು ಸುಮಾರು 10 ಕಿಲೋ.

ಒಂದು ದಿನದ ತಿರುಗಾಟಕ್ಕೆ ಏಳು ಕಿಲೋ ಕಲ್ಲಿದ್ದಲು, ಎರಡು ಕಿಲೋಗೆ ಮಿಕ್ಕಿದ ಬೂದಿ, ಮೂರು ಕೊಡ ನೀರು. ಇಷ್ಟನ್ನು ಮನೆಯಂಗಳದಲ್ಲಿಯೇ ಸುಟ್ಟು, ಸುರಿದು ಹೊರಡಬೇಕಾಗಿದ್ದರೆ ಕಾರನ್ನು ಶುದ್ಧ ವಾಹನ ಎಂದು ಕರೆಯಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಆದರೆ ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸುವುದೂ ಅನ್ಯಾಯ. ಅದೇ 60 ಕಿಲೋಮೀಟರಿಗೆ ರೈತರ ಹಳೆಯ ಜೀಪು 5 ಲೀಟರ್ ಡೀಸೆಲ್ ಕುಡಿಯುತ್ತಿತ್ತು. ಅದರಿಂದ ಇಂಗಾಲದ ಡೈಆಕ್ಸೈಡು 13 ಕಿಲೋಗೂ ಹೆಚ್ಚು, ಜೊತೆಗೆ ಜನರ ಮೂಗಿನ ಮಟ್ಟದಲ್ಲಿಯೇ ಹೊಗೆ ಮತ್ತು ಮಸಿ. ಸಣ್ಣ ಪೆಟ್ರೋಲ್ ಕಾರಾದರೆ ಮೂರೂವರೆ ಲೀಟರ್, 8 ಕಿಲೋ. ಪೆಟ್ರೋಲನ್ನು ಭೂಮಿಯಿಂದ ತೆಗೆದು, ಶುದ್ಧಗೊಳಿಸಿ, ಸಾಗಿಸುವಾಗಿನ ಪಾಲನ್ನು ಸೇರಿಸಿದರೆ ಅದೂ ಹತ್ತರ ಹತ್ತಿರಕ್ಕೆ ಬರುತ್ತದೆ. ಪೂರ್ತಿ ಕಲ್ಲಿದ್ದಲಿನಿಂದ ಓಡುವ ವಿದ್ಯುತ್ ಕಾರು ಸಣ್ಣ ಪೆಟ್ರೋಲ್ ಕಾರಿಗೆ ಹೆಚ್ಚುಕಡಿಮೆ ಸಮ ಎಂದಾಯಿತು. ಆದರೆ ದೇಶದ ತಂತಿಯಲ್ಲಿ ಹರಿಯುವುದು ಕಲ್ಲಿದ್ದಲಿನ ವಿದ್ಯುತ್ತು ಮಾತ್ರವಲ್ಲ. ಜಲ, ಗಾಳಿ, ಸೂರ್ಯ, ಅಣು ಎಲ್ಲವೂ ಸೇರಿದ ಸರಾಸರಿಯಲ್ಲಿ ಈ ಹತ್ತು ಕಿಲೋ ಏಳೂವರೆಗೆ ಇಳಿಯುತ್ತದೆ. ಬಿಸಿಲಿನ ವಿದ್ಯುತ್ತಿನಿಂದಲೇ ಓಡಿದರೆ ಅದು ಬಹುತೇಕ ಇಲ್ಲವಾಗುತ್ತದೆ. ಪೆಟ್ರೋಲ್ ಗಾಡಿ ಎಂದೆಂದಿಗೂ ಪೆಟ್ರೋಲನ್ನೇ ಸುಡಬೇಕು. ವಿದ್ಯುತ್ ಗಾಡಿಗೆ ಮಾತ್ರ ತನ್ನ ಆಹಾರವನ್ನು ಬದಲಿಸುವ ಅವಕಾಶವಿದೆ. ಅವಕಾಶವಿದೆ ಎಂದ ಮಾತ್ರಕ್ಕೆ ಬದಲಾವಣೆ ಆಯಿತೆಂದು ಅರ್ಥವಲ್ಲ.

ಮುಂದಿನ ತೊಡಕು ಅಂದೇ ರಾತ್ರಿ ಎದುರಾಯಿತು. ಅಳಿಯ ಚಾರ್ಜರನ್ನು ಪಡಸಾಲೆಯ ದಪ್ಪ ಪ್ಲಗ್ಗಿಗೆ ಸಿಕ್ಕಿಸಿದ. ಕೆಂಪು ದೀಪ ಹತ್ತಿತು, ಚಾರ್ಜ್ ಆಗಲಿಲ್ಲ. ಪ್ಲಗ್ಗಿನ ಮೂರನೆಯ ತೂತಿಗೆ ತಂತಿ ಇತ್ತು, ಆ ತಂತಿ ಭೂಮಿಯನ್ನು ಮುಟ್ಟಿರಲಿಲ್ಲ. ಅರ್ಥಿಂಗ್ ಸರಿಯಿಲ್ಲದ ಮನೆಗಳು ಹಳ್ಳಿಗಳಲ್ಲಿ ವಿರಳವಲ್ಲ. ದೀಪ ಉರಿಯುತ್ತದೆ, ಟಿ.ವಿ. ನಡೆಯುತ್ತದೆ, ಆದ್ದರಿಂದ ಕೊರತೆ ಗೊತ್ತಾಗುವುದಿಲ್ಲ. ಮರುದಿನ ಬೆಳಗ್ಗೆ ಎಲೆಕ್ಟ್ರೀಷಿಯನ್ ಬಂದು ಗುಂಡಿ ತೋಡಿ, ಸರಳು ಹೂತು, ಇದ್ದಿಲು ಉಪ್ಪು ತುಂಬಿ, ನೀರು ಹೊಯ್ದು ಅರ್ಥಿಂಗ್ ಮಾಡಿದ. ಮೂರು ಕಿಲೋವ್ಯಾಟಿನ ಭಾರವನ್ನು ಮೂರು ನಾಲ್ಕು ಗಂಟೆ ಎಡೆಬಿಡದೆ ತಾಳುವ ದಪ್ಪ ತಂತಿಯನ್ನು ಮೀಟರಿನಿಂದ ನೇರವಾಗಿ ಎಳೆದ. ವಿದ್ಯುತ್ ಕಾರೋ ವಿದ್ಯುತ್ ಸ್ಕೂಟರೋ ಕೊಳ್ಳುವ ಯೋಚನೆಯುಳ್ಳವರು ವಾಹನದ ಅಂಗಡಿಗೆ ಹೋಗುವ ಮೊದಲು ಮನೆಯ ಅರ್ಥಿಂಗನ್ನು ಪರೀಕ್ಷಿಸಿಕೊಳ್ಳಬೇಕು. ಮಳೆಗಾಲದಲ್ಲಿ ಗೋಡೆ ತೇವವಾಗುವ ಮಲೆನಾಡಿನ ಮನೆಗಳಿಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ.

ತಂತಿ ಎಳೆಯುವಾಗ ಮನೆಯಲ್ಲಿ ಬಿಲ್ಲಿನ ಮಾತು ಬಂತು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ 150 ಯೂನಿಟ್‌ಗೂ ಹೆಚ್ಚು ಬೇಕು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ದಾಟಿದ ತಿಂಗಳು ಮನೆಯವರು ಪೂರ್ಣ ಬಿಲ್ಲನ್ನು ಕಟ್ಟಬೇಕು. ರೈತರಿಗೆ ಥಟ್ಟನೆ ಹೊಲದ ಪಂಪ್‌ಸೆಟ್ಟಿನ ನೆನಪಾಯಿತು. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ರಾಜ್ಯದಲ್ಲಿ ವಿದ್ಯುತ್ತು ಉಚಿತ.

"ಹೊಲದ ಲೈನಿಗೆ ಹಚ್ಚಿದ್ರ ಹ್ಯಾಂಗ?"

ಮಗಳು ತಲೆಯೆತ್ತಿದಳು. "ಅಪ್ಪಾ, ಆ ಕರೆಂಟು ಬೆಳಿಗೆ ಕೊಟ್ಟಿದ್ದು. ನಾವು ಕಾರಿಗೆ ಹಚ್ಚಿದ್ರ ಪಕ್ಕದ ಹೊಲದವರ ಮೋಟ್ರು ಎಳೆಯಂಗಿಲ್ಲ."

ರೈತರು ಸುಮ್ಮನಾದರು. ಹಾಗೆ ಮಾಡುವುದು ನಿಯಮಕ್ಕೆ ವಿರುದ್ಧವೆಂಬುದು ಅವರಿಗೆ ಗೊತ್ತಿತ್ತು. ಬಾಯಾರಿದ ಮೆಣಸಿನ ಗಿಡಗಳ ನಡುವೆ ಕಾರನ್ನು ನಿಲ್ಲಿಸಿಕೊಂಡ ಚಿತ್ರ ಅದಕ್ಕಿಂತ ಹೆಚ್ಚು ಚುಚ್ಚಿತು. ಶುದ್ಧ ಎನ್ನಿಸಿಕೊಳ್ಳುವ ತಂತ್ರಜ್ಞಾನವೂ ಇನ್ನೊಬ್ಬರ ಪಾಲಿನಿಂದ ನಡೆಯಬಲ್ಲದು.

ಕೊನೆಗೆ ದಾರಿ ಸಿಕ್ಕಿದ್ದು ಸೂರಿನ ಮೇಲೆ. ಬಳ್ಳಾರಿಗೆ ಕೊರತೆಯಿಲ್ಲದ ಒಂದೇ ವಸ್ತು ಬಿಸಿಲು. ಒಂದು ಕಿಲೋವ್ಯಾಟಿನ ಸೌರಫಲಕವು ಈ ಸೀಮೆಯಲ್ಲಿ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ರೈತರ ಓಡಾಟ ದಿನಕ್ಕೆ ಸರಾಸರಿ 30 ಕಿಲೋಮೀಟರ್ ಎಂದರೆ ಬೇಕಾದುದು ಐದು ಯೂನಿಟ್‌ನ ಒಳಗೆ. ಎರಡು ಕಿಲೋವ್ಯಾಟಿನ ಫಲಕ ಕಾರಿಗೂ ಸಾಕು, ಮನೆಗೂ ಒಂದಿಷ್ಟು ಉಳಿಯುತ್ತದೆ. 2024ರ ಫೆಬ್ರುವರಿಯಲ್ಲಿ ಆರಂಭವಾದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟಿಗೆ 60,000 ರೂಪಾಯಿ ಸಹಾಯಧನವನ್ನು ನಿಗದಿ ಮಾಡಲಾಯಿತು. ಆದರೆ ಮಗಳು ಇಲ್ಲಿಯೂ ಒಂದು ಷರತ್ತು ಬರೆದಳು: ಕಾರು ಮಧ್ಯಾಹ್ನ ಮನೆಯಲ್ಲಿರಬೇಕು. ಬೆಳಗ್ಗೆಯೇ ಪೇಟೆಯ ಕೆಲಸ ಮುಗಿಸಿ, ಬಿಸಿಲೇರುವ ಹೊತ್ತಿಗೆ ಗಾಡಿಯನ್ನು ಪ್ಲಗ್ಗಿಗೆ ಹಚ್ಚಬೇಕು. ರಾತ್ರಿ ಹಚ್ಚಿದರೆ ಸೌರಫಲಕವಿದ್ದೂ ಕಾರಿಗೆ ಬರುವುದು ಮತ್ತೆ ಕುಡತಿನಿಯ ಕಲ್ಲಿದ್ದಲೋ ಮಲೆನಾಡಿನ ನೀರೋ ಆಗಿರುತ್ತದೆ.

ಮಲೆನಾಡಿನ ಮಾತು ಇಲ್ಲಿ ಬಂತು. ಪಾವಗಡದಲ್ಲಿ 2050 ಮೆಗಾವ್ಯಾಟಿನ ಸೌರ ಉದ್ಯಾನವಿದೆ; ಉತ್ತರ ಕರ್ನಾಟಕದ ಬಯಲುಗಳಲ್ಲಿ ಗಾಳಿಯಂತ್ರಗಳಿವೆ. ಹಗಲು ರಾಜ್ಯದಲ್ಲಿ ವಿದ್ಯುತ್ತು ಸಮೃದ್ಧವಾಗಿರುತ್ತದೆ, ಸಂಜೆ ಸೂರ್ಯ ಮುಳುಗಿದೊಡನೆ ಕೊರತೆ ಬೀಳುತ್ತದೆ. ಹಗಲಿನ ಹೆಚ್ಚುವರಿಯನ್ನು ರಾತ್ರಿಗೆ ಹಿಡಿದಿಡುವುದು ಹೇಗೆ? ಇದಕ್ಕೆ ಯೋಜಕರು ಕಂಡುಕೊಂಡ ಉತ್ತರಗಳಲ್ಲಿ ಒಂದು, ಶರಾವತಿ ಕಣಿವೆಯ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ. ಹಗಲು ಗೇರುಸೊಪ್ಪ ಜಲಾಶಯದ ನೀರನ್ನು ತಲಕಳಲೆಗೆ ಎತ್ತುವುದು, ಸಂಜೆ ಅದನ್ನೇ ಕೆಳಕ್ಕೆ ಬಿಟ್ಟು ವಿದ್ಯುತ್ತು ತೆಗೆಯುವುದು. ಎತ್ತಲು ಬಳಸಿದ ವಿದ್ಯುತ್ತಿನಲ್ಲಿ ಮುಕ್ಕಾಲರಿಂದ ಐದರಲ್ಲಿ ನಾಲ್ಕು ಭಾಗದಷ್ಟು ಮರಳುತ್ತದೆ, ಉಳಿದುದು ನಷ್ಟ. ಯೋಜನೆಯ ಜಾಗ ಸಿಂಗಳೀಕಗಳ ಅಭಯಾರಣ್ಯ. 1964ರಲ್ಲಿ ಲಿಂಗನಮಕ್ಕಿಯಲ್ಲಿ ನೀರು ನಿಂತಾಗ ಮನೆ ಮಠ ಬಿಟ್ಟವರ ಭೂಮಿಯ ಪ್ರಶ್ನೆ ಇನ್ನೂ ಬಗೆಹರಿಯದೆ ಉಳಿದಿರುವಾಗ, ಅದೇ ಕಣಿವೆಯನ್ನು ಮತ್ತೊಮ್ಮೆ ಕೇಳಲಾಗುತ್ತಿದೆ.

ಈ ಯೋಜನೆ ವಿದ್ಯುತ್ ಕಾರಿಗಾಗಿಯೇ ಹುಟ್ಟಿತೆಂದು ಹೇಳುವುದು ಸತ್ಯಕ್ಕೆ ದೂರ. ಒಂದು ಕಾರು ಹಗಲು ಚಾರ್ಜ್ ಆದ ಮಾತ್ರಕ್ಕೆ ಒಂದು ಯೋಜನೆ ನಿಲ್ಲುವುದೂ ಇಲ್ಲ. ಆದರೆ ಸಂಜೆ ಮನೆಗೆ ಬಂದೊಡನೆ ಲಕ್ಷಾಂತರ ಕಾರು, ಸ್ಕೂಟರುಗಳು ಒಟ್ಟಿಗೆ ಪ್ಲಗ್ಗಿಗೆ ಸೇರಿಕೊಂಡರೆ ಸಂಜೆಯ ಕೊರತೆ ಹೆಚ್ಚುತ್ತದೆ, ಕಣಿವೆಗಳ ಮೇಲಿನ ಒತ್ತಡವೂ ಹೆಚ್ಚುತ್ತದೆ. ಅವೇ ಲಕ್ಷಾಂತರ ವಾಹನಗಳು ಮಧ್ಯಾಹ್ನ ಬಿಸಿಲನ್ನು ಕುಡಿದರೆ, ಹಗಲಿನ ಹೆಚ್ಚುವರಿಗೆ ಅವುಗಳ ಬ್ಯಾಟರಿಗಳೇ ಕಣಜವಾಗುತ್ತವೆ. ಅಷ್ಟರಮಟ್ಟಿಗೆ ಬೆಟ್ಟಗಳಲ್ಲಿ ನೀರಿನ ಕಣಜ ಕಟ್ಟುವ ಅಗತ್ಯ ಕಡಿಮೆಯಾಗುತ್ತದೆ. ವಿದ್ಯುತ್ ಕಾರು ಪರಿಸರಸ್ನೇಹಿಯೇ ಎಂಬ ಪ್ರಶ್ನೆಗೆ ಉತ್ತರ ಕಾರಿನೊಳಗೆ ಇಲ್ಲ. ಅದನ್ನು ಯಾವ ಹೊತ್ತಿನಲ್ಲಿ, ಯಾವ ವಿದ್ಯುತ್ತಿಗೆ ಹಚ್ಚುತ್ತಾರೆ ಎಂಬಲ್ಲಿದೆ. ಕಚೇರಿ, ಕಾಲೇಜು, ಸಂತೆಮಾಳ, ಬಸ್ ನಿಲ್ದಾಣಗಳಲ್ಲಿ ಹಗಲು ಚಾರ್ಜ್ ಮಾಡುವ ವ್ಯವಸ್ಥೆಯನ್ನು ಜನ ಒತ್ತಾಯಿಸಿ ಕೇಳಬೇಕಾದುದು ಈ ಕಾರಣಕ್ಕಾಗಿ.

ಘಟ್ಟದ ದಾರಿಯವರಿಗೆ ಇನ್ನೊಂದು ಮಾತು. ಜನರನ್ನು ಹೊತ್ತು 1300 ಕಿಲೋ ತೂಗುವ ಕಾರು 600 ಮೀಟರ್ ಎತ್ತರಕ್ಕೆ ಏರಬೇಕಾದರೆ, ದಾರಿಯ ಉದ್ದಕ್ಕೆ ಬೇಕಾದುದಲ್ಲದೆ ಎತ್ತರಕ್ಕೆಂದೇ 2 ಯೂನಿಟ್‌ಗೂ ಹೆಚ್ಚು ವ್ಯಯವಾಗುತ್ತದೆ. ಇಳಿಯುವಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಬ್ಯಾಟರಿಗೆ ಮರಳಬಹುದು. ಆದರೆ ಬ್ಯಾಟರಿಯಲ್ಲಿ ಜಾಗವಿದ್ದರೆ ಮಾತ್ರ. ಘಟ್ಟದ ಮೇಲೆ ಮನೆಯಿರುವವರು ಪೂರ್ತಿ ತುಂಬಿಸಿಕೊಂಡು ಇಳಿಯತೊಡಗಿದರೆ ಮರಳುವ ಶಕ್ತಿಗೆ ಜಾಗವಿರುವುದಿಲ್ಲ. ಮೋಟಾರಿನ ಹಿಡಿತ ಕಡಿಮೆಯಾಗಿ ಬ್ರೇಕಿನ ಮೇಲೆಯೇ ಭಾರ ಬೀಳುತ್ತದೆ. ಆದ್ದರಿಂದ ಶೇ. 80ಕ್ಕೆ ನಿಲ್ಲಿಸಿ ಇಳಿಯುವುದು ಕ್ಷೇಮ.

ಬ್ಯಾಟರಿಯೊಳಗಿನ ವಸ್ತುಗಳ ಮಾತನ್ನೂ ಆಡದೆ ಮುಗಿಸಲಾಗದು. ಬೆಟ್ಟವನ್ನು ಅಗೆದರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದ ಎರಡು ಸೀಮೆಗಳು ಸಾಕ್ಷಿ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಬಳ್ಳಾರಿಯಲ್ಲಿ, ಸಂಡೂರಿನ ಬೆಟ್ಟಗಳು ಕೆಂಪು ಧೂಳಾಗಿ ಲಾರಿಗಳಲ್ಲಿ ಹೊರಟುಹೋದ ಮೇಲೆ, ಸಮಾಜ ಪರಿವರ್ತನಾ ಸಮುದಾಯದ ಅರ್ಜಿಯ ಮೇಲೆ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನು ತಡೆಯಿತು. ಮುಂದೆ 2013ರಲ್ಲಿ ಕಟ್ಟುನಿಟ್ಟಿನ ಷರತ್ತುಗಳೊಡನೆ ಒಂದು ಪಾಲಿಗೆ ಅನುಮತಿ ದೊರೆಯಿತು. ಈಗ ಲಿಥಿಯಂ, ನಿಕಲ್, ಕೋಬಾಲ್ಟುಗಳ ಕಾಲ. ಮಂಡ್ಯ ಜಿಲ್ಲೆಯ ಮರ್ಲಗಲ್ಲದ ಬಳಿ 1,600 ಟನ್ ಲಿಥಿಯಂ ಇರುವ ಅಂದಾಜನ್ನು 2021ರಲ್ಲಿ ಪ್ರಕಟಿಸಲಾಯಿತು. ಕಾರು ದೊಡ್ಡದಾದಷ್ಟೂ ಬ್ಯಾಟರಿ ದೊಡ್ಡದು, ಅಗೆಯಬೇಕಾದ ಗುಡ್ಡವೂ ದೊಡ್ಡದು. ನಿಕಲ್, ಕೋಬಾಲ್ಟ್ ಇಲ್ಲದೆ ಕಬ್ಬಿಣ ಮತ್ತು ಫಾಸ್ಫೇಟಿನಿಂದ ಮಾಡಿದ ಬ್ಯಾಟರಿಗಳು ಬಂದಿವೆ ಎಂಬುದು ಸಮಾಧಾನ. ಹಳೆಯ ಬ್ಯಾಟರಿಯನ್ನು ಮರಳಿ ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಗುಜರಿಯವನಿಗೆ ಮಾರದೆ ಅವರಿಗೇ ಹಿಂದಿರುಗಿಸುವ ಹೊಣೆ ಬಳಸುವವರದು.

ಕೊಳಗಲ್ಲಿನ ಮನೆಯಲ್ಲಿ ಆ ವಾರ ಕಾರು ಕೊಳ್ಳುವ ತೀರ್ಮಾನವಾಗಲಿಲ್ಲ. ಮೊದಲು ಸೂರಿನ ಮೇಲೆ ಫಲಕ, ಆಮೇಲೆ ಗಾಡಿ ಎಂದು ಒಪ್ಪಿಗೆಯಾಯಿತು. ಬಳ್ಳಾರಿಗೆ ಒಬ್ಬರೇ ಹೋಗುವ ದಿನ ಬಸ್ಸಿನಲ್ಲಿಯೇ ಹೋಗುವುದೆಂದು ರೈತರು ತಾವಾಗಿ ಹೇಳಿದರು. ಐವತ್ತು ಜನರನ್ನು ಹೊತ್ತ ಬಸ್ಸು ಡೀಸೆಲ್ಲಿನದಾದರೂ ತಲೆಗೊಂದು ಪಾಲು ಹಾಕಿದರೆ ಒಬ್ಬರೇ ಕುಳಿತ ಪೆಟ್ರೋಲ್ ಅಥವಾ ಡೀಸೆಲ್ ಕಾರಿಗಿಂತ ಹಗುರ. ಅದೇ ಬಸ್ಸು ವಿದ್ಯುತ್ತಿನದಾದರೆ ಇನ್ನೂ ಹಗುರ. ಬೆಂಗಳೂರಿನಲ್ಲಿ 2014ರಲ್ಲಿಯೇ ವಿದ್ಯುತ್ ಬಸ್ಸಿನ ಪ್ರಯೋಗ ನಡೆಯಿತು. ಅಲ್ಲಿ ಇಂದು ಅವು ದಿನವೂ ಓಡುತ್ತಿವೆ. ಹಳ್ಳಿಯ ದಾರಿಗೂ ಅವು ಬರಲಿ ಎಂದು ಕೇಳುವುದು, ಮನೆಗೊಂದು ಕಾರು ಬರಲಿ ಎಂದು ಬಯಸುವುದಕ್ಕಿಂತ ದೂರಕ್ಕೆ ಮುಟ್ಟುವ ಮಾತು.

ಅಳಿಯ ಬೆಂಗಳೂರಿಗೆ ಹೊರಟದ್ದು ಒಂದು ಮಧ್ಯಾಹ್ನ, ಚಾರ್ಜ್ ಮುಗಿಸಿಕೊಂಡು. ಮಗಳ ಪುಸ್ತಕದ ಆ ಪುಟ ಮಾತ್ರ ಮನೆಯಲ್ಲಿ ಉಳಿಯಿತು. ಈ ಸಭೆಯಲ್ಲಿರುವ ವಿದ್ಯಾರ್ಥಿಗಳು ಇಂದು ಸಂಜೆ ಅಂಥದೊಂದು ಪುಟವನ್ನು ಬರೆಯಲಿ. ಮನೆಯ ಬಿಲ್ಲಿನ ಯೂನಿಟ್‌ಗಳನ್ನು ಒಂದು ಕಡೆ, ಅವಕ್ಕೆ ಬೇಕಾದ ಕಲ್ಲಿದ್ದಲು, ಬೂದಿ, ನೀರನ್ನು ಇನ್ನೊಂದು ಕಡೆ ಬರೆದು, ಯಾವ ಕೆಲಸವನ್ನು ಮಧ್ಯಾಹ್ನಕ್ಕೆ ತರಬಹುದೆಂದು ಮನೆಯ ಹಿರಿಯರೊಡನೆ ಕುಳಿತು ಮಾತಾಡಲಿ. ಪಂಪು, ಗಿರಣಿ, ಇಸ್ತ್ರಿಗಳ ಸರದಿ ಮೊದಲು ಬರಲಿ, ಕಾರಿನದು ಆಮೇಲೆ.